ನೆಲದ ಪಾಠಾಂತರಗಳು

ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂಗಳ ನೆಲವನ್ನು ಕಂಡವರಿಗೆ ಪರಸಿ ಕಲ್ಲಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಹೊತ್ತಗೆಯ ಹಾಳೆಗಳಂತೆ ಒಂದರ ಮೇಲೊಂದು ಮಲಗಿರುವ ಈ ಸುಣ್ಣಕಲ್ಲು ನಮ್ಮ ಮನೆಗಳಿಗೆ ನೆಲಹಾಸಾಯಿತು, ಸಿಮೆಂಟಾಯಿತು. ನೀರಿನ ವಿಷಯದಲ್ಲಿ ಮಾತ್ರ ಅದು ಜಿಪುಣ. ಇಡಿಗಲ್ಲಿನಲ್ಲಿ ನೀರು ನಿಲ್ಲದು. ಬಿರುಕುಗಳಲ್ಲಿ, ಕಲ್ಲು ಕರಗಿ ಉಂಟಾದ ಪೊಟರೆಗಳಲ್ಲಿ ನಿಲ್ಲುತ್ತದೆ. ಚಿಂಚೋಳಿಯ ಕಡೆ ಈ ಕಲ್ಲೇ ಕರಿಯ ಬಸಾಲ್ಟಿನ ಹೊದಿಕೆಯಡಿ ಮರೆಯಾಗುತ್ತದೆ.

ಕೊರೆಯುವ ಮುನ್ನ ಒಳಗನ್ನು ಅರಿಯಲು ಒಂದು ಉಪಾಯವುಂಟು. ನೆಲದಲ್ಲಿ ನಾಲ್ಕು ಲೋಹದ ಗೂಟಗಳನ್ನು ನೆಟ್ಟು, ಎರಡರ ಮೂಲಕ ವಿದ್ಯುತ್ತನ್ನು ಹರಿಸಿ, ಉಳಿದೆರಡರ ನಡುವಣ ವೋಲ್ಟೇಜನ್ನು ಅಳೆಯುವುದು. ಗೂಟಗಳ ಅಂತರ ಹೆಚ್ಚಿದಂತೆ ಇನ್ನಷ್ಟು ಆಳದ ಸುಳಿವು ಸಿಗುತ್ತದೆ. ಫ್ರಾನ್ಸಿನ ಕಾನ್ರಾಡ್ ಶ್ಲುಂಬರ್ಜೆ 1912ರಲ್ಲಿಯೇ ಇಂಥ ಪ್ರಯೋಗಗಳಿಗೆ ತೊಡಗಿದ್ದನು. ಗಟ್ಟಿ ಸುಣ್ಣಕಲ್ಲು ವಿದ್ಯುತ್ತನ್ನು ತಡೆಯುತ್ತದೆ. ನೀರು ತುಂಬಿದ ಬಿರುಕು ಅದಕ್ಕೆ ದಾರಿ ಕೊಡುತ್ತದೆ.

ತೊಡಕಿರುವುದು ಇಲ್ಲಿಂದ ಮುಂದೆ. ಇಂಥ ನೆಲಕ್ಕೆ ಇಂಥ ಅಳತೆ ಬರುವುದೆಂದು ಲೆಕ್ಕ ಹಾಕುವುದು ಸುಲಭ. ಈ ಅಳತೆ ಬಂದುದು ಎಂಥ ನೆಲದಿಂದ ಎಂದು ಹಿಮ್ಮುಖವಾಗಿ ಎಣಿಸುವುದು ಕಷ್ಟ. ಇದನ್ನು ವಿಲೋಮ ಗಣನೆ ಎನ್ನೋಣ. ಒಂದೇ ಅಳತೆಗೆ ಹಲವು ನೆಲಗಳು ಹೊಂದುತ್ತವೆ. ರಾಷ್ಟ್ರಕೂಟರ ಮಾನ್ಯಖೇಟ, ಅಂದರೆ ಇಂದಿನ ಮಳಖೇಡ, ಸೇಡಂ ತಾಲ್ಲೂಕಿನಲ್ಲಿಯೇ ಇದೆ. ಅಲ್ಲಿನ ಸಾಹಿತ್ಯವನ್ನು ಓದುವ ನಮಗೆ ಪಾಠಾಂತರದ ಸಮಸ್ಯೆ ಹೊಸದಲ್ಲ. ಹುಳು ತಿಂದ ಓಲೆಯ ಸಾಲಿಗೆ ನಾಲ್ಕು ಪಾಠಗಳು ಹೊಂದಿದಾಗ, ಸಂಪಾದಕನು ಛಂದಸ್ಸನ್ನೂ ಬೇರೆ ಪ್ರತಿಗಳನ್ನೂ ನೋಡಿ ಒಂದನ್ನು ಆರಿಸುತ್ತಾನೆ.

ಭೂವಿಜ್ಞಾನಿಗಳೂ ಹಾಗೆಯೇ ಮಾಡಿದರು. ಅಳತೆಗೆ ಹೊಂದುವ ಚಿತ್ರಗಳಲ್ಲಿ ಅತಿ ಸರಳವಾದುದನ್ನೇ ಆರಿಸುವ ಕ್ರಮವನ್ನು 1987ರಲ್ಲಿ ಕಾನ್‌ಸ್ಟೆಬಲ್ ಮತ್ತು ಸಂಗಡಿಗರು ನಿರೂಪಿಸಿದರು. 1996ರಲ್ಲಿ ಲೋಕ್ ಮತ್ತು ಬಾರ್ಕರ್ ಈ ಬಗೆಯ ಗಣನೆಯನ್ನು ಶೀಘ್ರಗೊಳಿಸಿದರು. ಆದರೆ ಸರಳತೆಗೂ ಬೆಲೆ ತೆರಬೇಕು. ಸುಣ್ಣಕಲ್ಲು ಮುಗಿದು ಜೇಡುಶಿಲೆ ಮೊದಲಾಗುವ ಸ್ಪಷ್ಟ ಗೆರೆ ಚಿತ್ರದಲ್ಲಿ ಕಲಸಿಹೋಗುತ್ತದೆ. ಕಿರಿದಾದ ಬಿರುಕು ಅಳಿಸಿಹೋಗುತ್ತದೆ. ಆದ್ದರಿಂದ ಈಚಿನ ಕ್ರಮಗಳು ಚೂಪಾದ ಗಡಿಗಳನ್ನು ಉಳಿಸಿಕೊಳ್ಳಲು ಯತ್ನಿಸುತ್ತವೆ. ಪದರಗಳು ಅಡ್ಡಡ್ಡ ಮಲಗಿರುವ ನೆಲವಾದರೆ ಆ ತಿಳಿವನ್ನೂ ಲೆಕ್ಕದೊಳಗೆ ಸೇರಿಸುತ್ತವೆ. ಗಣಿಯ ಗೋಡೆ, ಹಳೆಯ ಕೊಳವೆ ಬಾವಿಯಲ್ಲಿ ಕಂಡ ಪದರಗಳ ಆಳ, ಇವೇ ಇಲ್ಲಿನ ಬೇರೆ ಪ್ರತಿಗಳು.

ಆದರೂ ಒಂದು ಮೋಸ ಉಳಿಯುತ್ತದೆ. ಜೇಡಿ ತುಂಬಿದ ಪೊಟರೆಯೂ ನೀರು ತುಂಬಿದ ಪೊಟರೆಯೂ ವಿದ್ಯುತ್ತಿಗೆ ಒಂದೇ ಬಗೆಯಾಗಿ ತೋರಬಹುದು. ವಿದ್ಯುತ್ತನ್ನು ನಿಲ್ಲಿಸಿದ ಮೇಲೆ ವೋಲ್ಟೇಜು ಎಷ್ಟು ನಿಧಾನವಾಗಿ ಇಳಿಯುವುದೆಂಬ ಇನ್ನೊಂದು ಅಳತೆ ಇವೆರಡನ್ನು ಬೇರ್ಪಡಿಸಲು ನೆರವಾಗುತ್ತದೆ.

ಸಾಲ ತಂದು ಬಾವಿ ಕೊರೆಸುವ ರೈತನ ಮುಂದೆ ಬಣ್ಣದ ಚಿತ್ರವೊಂದನ್ನು ಹರಡಿದಾಗ, ಆತನು ಕೇಳಬೇಕಾದ ಪ್ರಶ್ನೆ ಇದು: ಇದೇ ಅಳತೆಗೆ ಹೊಂದುವ ಬೇರೆ ಚಿತ್ರಗಳು ಯಾವುವು, ಅವುಗಳನ್ನು ಬಿಟ್ಟು ಇದನ್ನೇಕೆ ಆರಿಸಿದಿರಿ?