ಗಣಕಯಂತ್ರದ ಕಾಲಕ್ಕೆ ಮೂಲಪ್ರತಿ ಯಾವುದು?

ಶಾಸನವೊಂದರಲ್ಲಿ ಶಕವರ್ಷ, ಸಂವತ್ಸರ, ತಿಥಿ, ವಾರಗಳು ಉಕ್ತವಾಗಿದ್ದರೂ ವಿದ್ವಾಂಸರು ಅವನ್ನು ಹಾಗೆಯೇ ಅಂಗೀಕರಿಸುವುದಿಲ್ಲ. ಅವು ಪರಸ್ಪರ ಹೊಂದುವುವೇ ಎಂದು ಗಣಿಸಿ ನೋಡುವರು. ಓಲೆಯ ಪ್ರತಿಯ ಕೊನೆಯಲ್ಲಿ ಲಿಪಿಕಾರನು ಬರೆದ ಕಾಲವೂ ಹೀಗೆಯೇ ಪರೀಕ್ಷೆಗೆ ಒಳಗಾಗುವುದು. ಈಗ ನಮ್ಮ ಬರವಣಿಗೆಯ ಬಹುಭಾಗವು ಗಣಕಯಂತ್ರದಲ್ಲಿ ನಡೆಯುತ್ತಿದ್ದು, ಪ್ರತಿಯೊಂದು ಕಡತಕ್ಕೂ ಯಂತ್ರವೇ ಕಾಲವನ್ನು ಬರೆದಿಡುತ್ತದೆ. ಅದನ್ನು ಪ್ರಮಾಣವೆಂದು ಹಿಡಿಯುವ ಮೊದಲು, ಆ ಯಂತ್ರಕ್ಕೆ ಕಾಲವನ್ನು ಹೇಳಿದವರಾರು ಎಂಬುದನ್ನು ವಿಚಾರಿಸುವುದು ಯುಕ್ತವಾಗಿದೆ.

ಯಂತ್ರದೊಳಗೆ ಒಂದು ಸಣ್ಣ ಗಡಿಯಾರವುಂಟು. ಅದರ ಸ್ಫಟಿಕವು ಸೆಕೆಂಡಿಗೆ 32,768 ಬಾರಿ ಕಂಪಿಸುವುದು. ಯಂತ್ರವನ್ನು ಆರಿಸಿದಾಗಲೂ ಪುಟ್ಟದೊಂದು ಬ್ಯಾಟರಿ ಅದನ್ನು ನಡೆಸುವುದು. ಆದರೆ ಶೀತೋಷ್ಣಗಳಿಗೆ ತಕ್ಕಂತೆ ಕಂಪನವು ವ್ಯತ್ಯಾಸವಾಗುವುದರಿಂದ ಈ ಗಡಿಯಾರವು ಕ್ರಮೇಣ ತಪ್ಪುತ್ತದೆ. ಬ್ಯಾಟರಿ ಸತ್ತರಂತೂ ಯಂತ್ರವು ತನ್ನ ಗಣನೆಯ ಆದಿದಿನಕ್ಕೆ ಹಿಂದಿರುಗಬಹುದು. ಯುನಿಕ್ಸ್ ಪರಂಪರೆಯಲ್ಲಿ ಅದು 1970ನೆಯ ಜನವರಿ 1, ಹಳೆಯ ಪಿ.ಸಿ.ಗಳಲ್ಲಿ 1980ನೆಯ ಜನವರಿ 1. ಕಡತದ ಮೇಲೆ ಈ ದಿನಾಂಕಗಳು ಕಂಡರೆ ಅವು ರಚನೆಯ ಕಾಲವೆಂದು ಭ್ರಮಿಸಬಾರದು.

ಈ ದೋಷವನ್ನು ತಿದ್ದಿಕೊಳ್ಳಲು ಯಂತ್ರವು ಜಾಲದಲ್ಲಿರುವ ಬೇರೊಂದು ಯಂತ್ರವನ್ನು ಕೇಳುವುದು. ಕೇಳುವ ಕ್ರಮಕ್ಕೆ ‘ನೆಟ್‌ವರ್ಕ್ ಟೈಮ್ ಪ್ರೋಟೋಕಾಲ್’ ಎಂದು ಹೆಸರು. ಅಮೆರಿಕದ ಡೇವಿಡ್ ಮಿಲ್ಸ್ ಅವರು ಇದನ್ನು 1985ರಲ್ಲಿ ಪ್ರಕಟಿಸಿದರು. ಇಲ್ಲಿನ ತೊಡಕೇನೆಂದರೆ, ಉತ್ತರವು ಬಂದು ಮುಟ್ಟುವಷ್ಟರಲ್ಲಿ ಅದು ಹೇಳಿದ ಕಾಲವು ಕಳೆದುಹೋಗಿರುತ್ತದೆ. ಪರಿಹಾರವನ್ನು ಉದಾಹರಣೆಯಿಂದ ತಿಳಿಯಬಹುದು. ನಮ್ಮ ಪ್ರಶ್ನೆಯು ನಮ್ಮ ಗಡಿಯಾರದಂತೆ ಸರಿಯಾಗಿ ಹತ್ತು ಗಂಟೆಗೆ ಹೊರಟು, ಉತ್ತರವು 50 ಮಿಲಿಸೆಕೆಂಡು ಕಳೆದಾಗ ಬಂದಿತೆನ್ನೋಣ. ಪ್ರಶ್ನೆಯು ತನಗೆ ಹತ್ತು ಗಂಟೆಯ ಮೇಲೆ 70ರಲ್ಲಿ ಮುಟ್ಟಿತೆಂದೂ ತಾನು 80ರಲ್ಲಿ ಉತ್ತರಿಸಿದೆನೆಂದೂ ಆ ಯಂತ್ರವು ಹೇಳುವುದು. ಒಟ್ಟು 50ರಲ್ಲಿ ಅದು ಇಟ್ಟುಕೊಂಡ 10ನ್ನು ಕಳೆದರೆ ದಾರಿಗೆ ಹಿಡಿದದ್ದು 40. ಒಂದು ಕಡೆಗೆ 20. ಆದ್ದರಿಂದ ಉತ್ತರವು ಮುಟ್ಟಿದ ಕ್ಷಣದಲ್ಲಿ ಅಲ್ಲಿ 100, ನಮ್ಮಲ್ಲಿ 50. ನಾವು 50 ಮಿಲಿಸೆಕೆಂಡು ಹಿಂದೆ ಇದ್ದೇವೆ. ಹೋಗುವ ದಾರಿಯೂ ಬರುವ ದಾರಿಯೂ ಸಮವೆಂಬುದು ಇಲ್ಲಿ ಊಹೆಯೇ ಹೊರತು ಸಿದ್ಧವಾದುದಲ್ಲ.

ಉತ್ತರ ಕೊಟ್ಟ ಯಂತ್ರವೂ ಕಾಲವನ್ನು ಮತ್ತೊಂದರಿಂದ ಪಡೆದಿರಬಹುದು. ಪರಮಾಣು ಗಡಿಯಾರಕ್ಕೋ ಜಿ.ಪಿ.ಎಸ್. ಉಪಗ್ರಹದ ಸಂಕೇತವನ್ನು ಹಿಡಿಯುವ ಸಾಧನಕ್ಕೋ ನೇರವಾಗಿ ಕೂಡಿದ ಯಂತ್ರವನ್ನು ಒಂದನೆಯ ಸ್ಟ್ರಾಟಂ ಎನ್ನುವರು, ಅದರಿಂದ ಪಡೆದದ್ದು ಎರಡನೆಯದು, ಹೀಗೆ 15ರವರೆಗೆ. ಪ್ರತಿಯೊಂದು ಉತ್ತರದಲ್ಲಿಯೂ ಉತ್ತರಿಸಿದ ಯಂತ್ರದ ಸ್ಟ್ರಾಟಂ ಮತ್ತು ಅದರ ಆಕರದ ಗುರುತು ಇರುವುದರಿಂದ, ಪ್ರತಿಯಿಂದ ಮಾತೃಕೆಗೆ ಹೋಗುವಂತೆ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಬಹುದು. ಮಾತೃಕೆಯ ತಪ್ಪು ಪ್ರತಿಗೆ ಇಳಿಯುವಂತೆ ಇಲ್ಲಿಯೂ ತಪ್ಪು ಇಳಿಯುತ್ತದೆ. ಎರಡು ಯಂತ್ರಗಳನ್ನು ಕೇಳಿ ಅವು ಭಿನ್ನವಾಗಿ ಹೇಳಿದರೆ ಯಾವುದು ಸರಿಯೆಂದು ನಿರ್ಣಯಿಸಲಾಗದು. ಆದುದರಿಂದ ಮೂರು ನಾಲ್ಕನ್ನು ಕೇಳುವುದು ರೂಢಿ. ಆದರೆ ಆ ನಾಲ್ಕೂ ಒಂದೇ ಆಕರದಿಂದ ಬಂದಿದ್ದರೆ ಸಾಕ್ಷಿಯು ನಾಲ್ಕಲ್ಲ, ಒಂದೇ. ಗ್ರಂಥಸಂಪಾದನೆ ಮಾಡಿದವರಿಗೆ ಈ ಎಚ್ಚರವು ಹೊಸದಲ್ಲ.

ಹಾಗಾದರೆ ಎಲ್ಲಕ್ಕೂ ಮೇಲೆ ಇರುವ ಮೂಲಪ್ರತಿ ಯಾವುದು? ಭಾರತದಲ್ಲಿ ಪ್ರಮಾಣಕಾಲವನ್ನು ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವು ಪರಮಾಣು ಗಡಿಯಾರಗಳಿಂದ ನಡೆಸುತ್ತಿದೆ. ಇಂತಹ ಸುಮಾರು 80 ಸಂಸ್ಥೆಗಳ 400ಕ್ಕೂ ಹೆಚ್ಚು ಗಡಿಯಾರಗಳ ಗಣನೆಗಳು ಪ್ಯಾರಿಸ್ ಬಳಿಯ ಅಂತರರಾಷ್ಟ್ರೀಯ ತೂಕ ಮತ್ತು ಅಳತೆಗಳ ಕಚೇರಿಗೆ ಹೋಗುತ್ತವೆ. ಅಲ್ಲಿ ಅವುಗಳ ಯೋಗ್ಯತೆಗೆ ತಕ್ಕಂತೆ ತೂಗಿ ಸರಾಸರಿ ತೆಗೆದು, ಲೋಕಕ್ಕೆಲ್ಲ ಆಧಾರವಾದ ಯುಟಿಸಿ ಕಾಲವನ್ನು ನಿರ್ಣಯಿಸುವರು. ಯಾವ ಸಂಸ್ಥೆಯ ಗಡಿಯಾರವು ಎಷ್ಟು ತಪ್ಪಿತ್ತೆಂಬ ಪಟ್ಟಿಯು ತಿಂಗಳಿಗೊಮ್ಮೆ ಹೊರಬರುವುದು. ಅಂದರೆ ಈ ಕ್ಷಣದ ನಿಷ್ಕೃಷ್ಟವಾದ ಕಾಲವು ಮುಂದಿನ ತಿಂಗಳಲ್ಲಿ ಮಾತ್ರ ತಿಳಿಯತಕ್ಕದ್ದು. ಅದನ್ನು ತೋರಿಸುವ ಗಡಿಯಾರವು ಎಲ್ಲಿಯೂ ಇಲ್ಲ. ಪಾಠಾಂತರಗಳನ್ನು ತೂಗಿ ಸಂಪಾದಕನು ನಿರ್ಣಯಿಸಿದ ಪಾಠದಂತೆ, ಅದು ಯಾವ ಒಂದು ಪ್ರತಿಯಲ್ಲಿಯೂ ಇಲ್ಲದೆ ಎಲ್ಲ ಪ್ರತಿಗಳಿಗೂ ಪ್ರಮಾಣವಾಗಿದೆ.

ಆದುದರಿಂದ ಕಡತದ ಮೇಲಿನ ಕಾಲವನ್ನು ಸಂಶೋಧಕನು ತಳ್ಳಿಹಾಕಬೇಕಾಗಿಲ್ಲ. ಲಿಪಿಕಾರನ ಹೇಳಿಕೆಯಂತೆ ಅದನ್ನೂ ಒಂದು ಸಾಕ್ಷ್ಯವೆಂದು ಬಗೆದು, ಅದರ ಪರಂಪರೆಯನ್ನು ಶೋಧಿಸಿದ ಬಳಿಕ ಅಂಗೀಕರಿಸತಕ್ಕದ್ದು.