ಲೇಬಲ್ ಅದೇ, ರುಚಿ ಬೇರೆ: ಪರದೇಶದಲ್ಲಿ ಬ್ರಿಟಿಷರ ಊರತಿಂಡಿಯ ಪಾಡು

ಹಾಸ್ಟೆಲ್‌ನಲ್ಲಿ ಇರೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಮನೆಯಿಂದ ತಂದ ಚಟ್ನಿಪುಡಿ ಡಬ್ಬ ಖಾಲಿಯಾದ ದಿನವೇ ಮೆಸ್ ಊಟ ನಿಜಕ್ಕೂ ಹೇಗಿದೆ ಅಂತ ಗೊತ್ತಾಗೋದು. ನಮಗಾದರೆ ಊರು ಅಂದ್ರೆ ಒಂದು ರಾತ್ರಿಯ ಬಸ್ಸು, ಅಷ್ಟೆ. ಬೇರೆ ದೇಶದಲ್ಲಿ ನೆಲೆಸಿದವರು ಏನು ಮಾಡ್ತಾರೆ? ಈ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು ಒಂದು ಡಬ್ಬ ತುಪ್ಪದಿಂದ.

ಕಳೆದ ವರ್ಷ ನಮ್ಮ ದೊಡ್ಡಮ್ಮ ಮಗಳನ್ನ ನೋಡೋಕೆ ನೆದರ್ಲೆಂಡ್ಸ್‌ಗೆ ಹೋಗಿದ್ದರು. ಅಕ್ಕ ಅಲ್ಲಿನ ಐಂಡ್‌ಹೋವನ್‌ನಲ್ಲಿ ಕೆಲಸ ಮಾಡ್ತಾಳೆ. ದೊಡ್ಡಮ್ಮ ಮನೆಯಲ್ಲೇ ಬೆಣ್ಣೆ ಕಾಯಿಸಿ ಮಾಡಿದ ಒಂದು ಕೆ.ಜಿ. ತುಪ್ಪಕ್ಕೆ ನಾಲ್ಕು ಕವರ್ ಸುತ್ತಿ, ಸೀರೆಗಳ ಮಧ್ಯೆ ಇಟ್ಟು ತಗೊಂಡು ಹೋದರು. ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವರು ಅದನ್ನ ತೆಗೆದಿಟ್ಟುಕೊಂಡರು. ಬೈದಿಲ್ಲ, ದಂಡ ಹಾಕಿಲ್ಲ. ಆದರೂ ದೊಡ್ಡಮ್ಮನಿಗೆ ಎರಡು ದಿನ ಬೇಜಾರು ಹೋಗಲಿಲ್ಲವಂತೆ. ಅಕ್ಕ ಆಫೀಸಿನಲ್ಲಿ ಈ ಕಥೆ ಹೇಳಿದಾಗ ಅವಳ ಬ್ರಿಟಿಷ್ ಸಹೋದ್ಯೋಗಿಯೊಬ್ಬರು ನಕ್ಕು, “ನಮ್ಮಮ್ಮ ತಂದ ಚೆಡ್ಡಾರ್ ಚೀಸ್‌ಗೂ ಇದೇ ಗತಿ ಆಯ್ತು” ಅಂದರಂತೆ.

ನನಗೆ ಆಶ್ಚರ್ಯ ಆಗಿದ್ದು ಇಲ್ಲೇ. ಅರ್ಧ ಜಗತ್ತಿಗೆ ಬಿಸ್ಕತ್ತು, ಕಸ್ಟರ್ಡ್ ಪೌಡರು ಕಲಿಸಿದ ಬ್ರಿಟಿಷರಿಗೂ ಊರಿನ ತಿಂಡಿಗೆ ಪರದಾಟವಾ? ಆಮೇಲೆ ಓದುತ್ತಾ ಹೋದರೆ ಇದರಲ್ಲಿ ಕೆಮಿಸ್ಟ್ರಿ, ಎಲೆಕ್ಟ್ರಿಕಲ್, ಕಾನೂನು ಎಲ್ಲ ಸೇರಿದೆ ಅಂತ ಗೊತ್ತಾಯ್ತು. ಅದನ್ನೇ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಅವರ ‘ಚಟ್ನಿಪುಡಿ’ ಯಾವುದು?

ಮೊದಲು ಸಾಮಾನಿನ ಪಟ್ಟಿ ನೋಡಿಬಿಡೋಣ. ಟೋಸ್ಟ್ ಮೇಲೆ ಸುರಿದುಕೊಳ್ಳುವ ಹೈನ್ಜ್ ಬೇಕ್ಡ್ ಬೀನ್ಸ್. ಟೀಯಲ್ಲಿ ಅದ್ದಿ ತಿನ್ನೋ ಡೈಜೆಸ್ಟಿವ್ ಬಿಸ್ಕತ್ತು. ಕ್ಯಾಡ್‌ಬರಿ ಚಾಕೊಲೇಟು. ಎಚ್‌ಪಿ ಸಾಸ್ ಅನ್ನೋ ಕಂದು ಬಣ್ಣದ ಹುಳಿ ಸಾಸ್. ಮೊಟ್ಟೆಯಿಲ್ಲದ ಕಸ್ಟರ್ಡ್ ಪೌಡರು. ಇದನ್ನ 1837ರಲ್ಲಿ ಆಲ್‌ಫ್ರೆಡ್ ಬರ್ಡ್ ಅನ್ನುವವರು ಮೊಟ್ಟೆ ಆಗದ ತಮ್ಮ ಹೆಂಡತಿಗಾಗಿ ಕಂಡುಹಿಡಿದರು.

ಕೊನೆಗೆ ಮಾರ್ಮೈಟ್. ಇದು ಬಿಯರ್ ತಯಾರಿಕೆಯಲ್ಲಿ ಉಳಿದ ಯೀಸ್ಟ್‌ನಿಂದ ಮಾಡುವ ಕಪ್ಪು, ಅಂಟಂಟು, ಸಿಕ್ಕಾಪಟ್ಟೆ ಉಪ್ಪಿನ ಪದಾರ್ಥ. 1902ರಿಂದ ಬರ್ಟನ್ ಅಪಾನ್ ಟ್ರೆಂಟ್ ಅನ್ನೋ ಊರಿನಲ್ಲಿ ತಯಾರಾಗುತ್ತಿದೆ. ಆ ಊರಿನ ತುಂಬಾ ಬಿಯರ್ ಕಾರ್ಖಾನೆಗಳಿದ್ದವು, ಹಾಗಾಗಿ ಕಚ್ಚಾವಸ್ತು ಬಾಗಿಲಲ್ಲೇ ಸಿಗುತ್ತಿತ್ತು. ಬ್ರಿಟಿಷರಲ್ಲೇ ಅರ್ಧ ಜನಕ್ಕೆ ಇದು ಪ್ರಾಣ, ಇನ್ನರ್ಧಕ್ಕೆ ಕಂಡರಾಗಲ್ಲ. ಕಂಪನಿಯ ಜಾಹೀರಾತು ಕೂಡ ಇದನ್ನೇ ಹೇಳಿಕೊಳ್ಳುತ್ತದೆ.

ಹೆಸರು ಒಂದೇ, ಒಳಗಿರೋದು ಬೇರೆ

ಪರದೇಶದಲ್ಲಿ ಇವನ್ನು ಹುಡುಕುವವರಿಗೆ ಮೊದಲ ಏಟು ಬೀಳೋದು ‘ಸಿಕ್ಕಿತು’ ಅಂದುಕೊಂಡಾಗಲೇ.

ಬ್ರಿಟನ್ನಿನ ಬೇಕ್ಡ್ ಬೀನ್ಸ್ ಟೊಮೆಟೊ ಸಾಸ್‌ನಲ್ಲಿ ಇರುತ್ತದೆ. ಅಮೆರಿಕದಲ್ಲಿ ಬೇಕ್ಡ್ ಬೀನ್ಸ್ ಅಂದರೆ ಸಾಮಾನ್ಯವಾಗಿ ಕಂದು ಸಕ್ಕರೆ ಅಥವಾ ಕಾಕಂಬಿ ಹಾಕಿದ ಸಿಹಿ ಪದಾರ್ಥ, ಎಷ್ಟೋ ಸಲ ಹಂದಿಮಾಂಸವೂ ಸೇರಿರುತ್ತದೆ. ಬಿಸಿಬೇಳೆಬಾತ್ ಅಂತ ಹೇಳಿ ಸಿಹಿ ಪೊಂಗಲ್ ಬಡಿಸಿದ ಹಾಗೆ. ತಮಾಷೆ ಏನಂದ್ರೆ ಹೈನ್ಜ್ ಹುಟ್ಟಿದ್ದೇ ಅಮೆರಿಕದಲ್ಲಿ. 1886ರಲ್ಲಿ ಲಂಡನ್ನಿನ ಫೋರ್ಟ್‌ನಮ್ ಅಂಡ್ ಮೇಸನ್ ಅನ್ನೋ ದುಬಾರಿ ಅಂಗಡಿಗೆ ವಿದೇಶಿ ಸಾಮಾನಾಗಿ ಬಂದದ್ದು, ನಿಧಾನವಾಗಿ ಬ್ರಿಟಿಷರ ಮನೆಯ ಊಟವೇ ಆಗಿಬಿಟ್ಟಿತು.

ನ್ಯೂಜಿಲೆಂಡ್‌ಗೆ ಹೋದ ಬ್ರಿಟಿಷರಿಗೆ ಅಂಗಡಿಯಲ್ಲಿ ‘ಮಾರ್ಮೈಟ್’ ಸಿಗುತ್ತದೆ. ಆದರೆ ಅದನ್ನ ಮಾಡೋದು ಸ್ಯಾನಿಟೇರಿಯಂ ಅನ್ನೋ ಬೇರೆ ಕಂಪನಿ. ಸಕ್ಕರೆ, ಕ್ಯಾರಮೆಲ್ ಸೇರಿಸಿರುವ ಅದರ ರುಚಿಯೇ ಬೇರೆ. ಆ ಹೆಸರಿನ ಹಕ್ಕು ಅಲ್ಲಿ ಅವರದ್ದೇ ಆಗಿರೋದರಿಂದ ಇಂಗ್ಲೆಂಡಿನ ಅಸಲಿ ಮಾರ್ಮೈಟ್ ಅಲ್ಲಿ ‘ಅವರ್ ಮೇಟ್’ ಅಂತ ಹೆಸರು ಬದಲಿಸಿಕೊಂಡು ಕೂತಿದೆ!

ಚಾಕೊಲೇಟಿನ ಕಥೆ ಇನ್ನೂ ಗೋಜಲು. ಅಮೆರಿಕದಲ್ಲಿ ಕ್ಯಾಡ್‌ಬರಿ ಹೆಸರಿನಲ್ಲಿ ಚಾಕೊಲೇಟ್ ಮಾಡುವ ಹಕ್ಕು 1988ರಿಂದ ಹರ್ಷೀಸ್ ಕಂಪನಿಯ ಕೈಯಲ್ಲಿದೆ. ಬ್ರಿಟನ್ನಿನಲ್ಲಿ ಚಾಕೊಲೇಟಿಗೆ ಕೋಕೋ ಬೆಣ್ಣೆ ಅಲ್ಲದೆ ಶೇಕಡ 5ರವರೆಗೆ ಪಾಮ್, ಶಿಯಾ ತರಹದ ಕೊಬ್ಬನ್ನು ಸೇರಿಸಬಹುದು. ಅಮೆರಿಕದ ನಿಯಮದಲ್ಲಿ ಹಾಗೆ ಸೇರಿಸಿದರೆ ಅದನ್ನು ‘ಮಿಲ್ಕ್ ಚಾಕೊಲೇಟ್’ ಅಂತ ಕರೆಯುವ ಹಾಗಿಲ್ಲ. ತಯಾರಿಸುವ ರೀತಿಯೂ ಬೇರೆ. ಬ್ರಿಟಿಷರು ಹಾಲು, ಸಕ್ಕರೆ, ಕೋಕೋ ಮೂರನ್ನೂ ಒಟ್ಟಿಗೆ ಕುದಿಸಿ ಒಣಗಿಸಿ ಪುಡಿ ಮಾಡಿಕೊಳ್ಳುತ್ತಾರೆ. ಹಾಲು ಕಾಯ್ದ ಆ ಪರಿಮಳವೇ ಅವರ ಬಾಲ್ಯದ ನೆನಪು. 2015ರಲ್ಲಿ ಹರ್ಷೀಸ್ ಜೊತೆಗಿನ ಕೇಸ್ ರಾಜಿಯಾದಾಗ, ಬ್ರಿಟನ್ನಿನ ಕ್ಯಾಡ್‌ಬರಿ ತರಿಸುತ್ತಿದ್ದ ಅಮೆರಿಕದ ಒಂದು ಆಮದು ಕಂಪನಿ ಅದನ್ನ ನಿಲ್ಲಿಸಲು ಒಪ್ಪಿಕೊಂಡಿತು. ಅಲ್ಲಿನ ಬ್ರಿಟಿಷರು ಎಷ್ಟು ಸಿಟ್ಟಾದರು ಅಂತ ಬೇರೆ ಹೇಳಬೇಕಿಲ್ಲ.

ಗಡಿಯಲ್ಲಿ ನಿಂತ ಡಬ್ಬಗಳು

ಎರಡನೆಯ ಏಟು ಕಾನೂನಿನದ್ದು. ಸ್ಕಾಟ್ಲೆಂಡಿನ ಹ್ಯಾಗಿಸ್ ಅನ್ನೋ ಖಾದ್ಯದಲ್ಲಿ ಕುರಿಯ ಶ್ವಾಸಕೋಶ ಹಾಕುತ್ತಾರೆ (ನನ್ನ ಹಾಗೆ ಸಸ್ಯಾಹಾರಿಗಳು ಮುಂದಿನ ಸಾಲಿಗೆ ಹೋಗಬಹುದು). 1971ರಿಂದ ಅಮೆರಿಕದಲ್ಲಿ ಶ್ವಾಸಕೋಶವನ್ನು ಆಹಾರವಾಗಿ ಮಾರುವಂತಿಲ್ಲ, ಹಾಗಾಗಿ ಅಸಲಿ ಹ್ಯಾಗಿಸ್‌ಗೆ ಅಲ್ಲಿ ಪ್ರವೇಶವಿಲ್ಲ. ಡೆನ್ಮಾರ್ಕ್‌ನಲ್ಲಿ ವಿಟಮಿನ್ ಸೇರಿಸಿದ ಆಹಾರಕ್ಕೆ ಮೊದಲೇ ಅನುಮತಿ ಪಡೆಯಬೇಕು. ಮಾರ್ಮೈಟ್‌ಗೆ ಆ ಅನುಮತಿ ಇರಲಿಲ್ಲ ಅಂತ 2011ರಲ್ಲಿ ಅದು ಅಲ್ಲಿ ಸುದ್ದಿಯಾಯ್ತು. ದನದ ಮಾಂಸದ ಸಾರದಿಂದ ಮಾಡುವ ಬೋವ್ರಿಲ್‌ದು ಇನ್ನೊಂದು ಬಗೆ. ರಫ್ತಿಗೆ ತೊಂದರೆ ಆಗುತ್ತೆ ಅಂತ 2004ರಲ್ಲಿ ಕಂಪನಿಯವರು ಮಾಂಸವನ್ನೇ ತೆಗೆದು ಯೀಸ್ಟ್ ಹಾಕಿದರು. 2006ರಲ್ಲಿ ಮತ್ತೆ ಮಾಂಸ ವಾಪಸ್ ಬಂತು. ಅಂದರೆ ಹೊರಗಿನ ದೇಶಗಳ ಕಾನೂನಿಂದಾಗಿ ಊರಿನಲ್ಲೇ ರೆಸಿಪಿ ಬದಲಾಗಿತ್ತು.

ಇನ್ನು ದೊಡ್ಡಮ್ಮನ ತುಪ್ಪಕ್ಕೆ ಬರೋಣ. ಯುರೋಪಿಯನ್ ಒಕ್ಕೂಟಕ್ಕೆ ಹೊರಗಿನ ದೇಶಗಳಿಂದ ಬರುವ ಪ್ರಯಾಣಿಕರು ಮಾಂಸ ಮತ್ತು ಹಾಲಿನ ಪದಾರ್ಥ ತರುವಂತಿಲ್ಲ. ದನಕರುಗಳ ರೋಗ ಹರಡದಿರಲಿ ಅನ್ನೋದು ಇದರ ಹಿಂದಿನ ಕಾರಣ. ಭಾರತದ ತುಪ್ಪಕ್ಕೆ ಈ ನಿಯಮ ಹಳೆಯದು. ಬ್ರಿಟನ್ನಿನ ಚೀಸ್‌ಗೆ ಇದು ಅನ್ವಯವಾಗಿದ್ದು ಬ್ರೆಕ್ಸಿಟ್ ಪೂರ್ತಿ ಜಾರಿಯಾದ 2021ರ ಜನವರಿಯಿಂದ. ಆ ತಿಂಗಳು ಡಚ್ ಕಸ್ಟಮ್ಸ್‌ನವರು ಲಾರಿ ಡ್ರೈವರ್‌ಗಳ ಬುತ್ತಿಯಲ್ಲಿದ್ದ ಹ್ಯಾಮ್ ಸ್ಯಾಂಡ್‌ವಿಚ್ ಕೂಡ ಕಿತ್ತುಕೊಂಡ ವಿಡಿಯೊ ಎಲ್ಲ ಕಡೆ ಓಡಾಡಿತು. ನಿನ್ನೆಯವರೆಗೆ ಬೆಂಗಳೂರಿಂದ ಹೊಸೂರಿಗೆ ಹೋದಂತೆ ಹೋಗುತ್ತಿದ್ದ ಸಾಮಾನಿಗೆ ಇವತ್ತು ಗಡಿ ಬಂದುಬಿಟ್ಟರೆ ಹೇಗಿರುತ್ತೆ ಯೋಚಿಸಿ.

ಹಾಲು, ಮಾಂಸ ಇಲ್ಲದ ಸಾಮಾನೂ ಸಿಕ್ಕಿಬಿತ್ತು. ಮಾರ್ಕ್ಸ್ ಅಂಡ್ ಸ್ಪೆನ್ಸರ್‌ನ ‘ಪರ್ಸಿ ಪಿಗ್’ ಅನ್ನೋ ಮಿಠಾಯಿ ತಯಾರಾಗೋದು ಜರ್ಮನಿಯಲ್ಲಿ. ಅಲ್ಲಿಂದ ಬ್ರಿಟನ್ನಿಗೆ ಬರುವಾಗ ಸುಂಕವಿಲ್ಲ. ಅದೇ ಪ್ಯಾಕೆಟ್ ಬ್ರಿಟನ್ನಿಂದ ಐರ್ಲೆಂಡಿಗೆ ಹೋದರೆ ಸುಂಕ! ಯಾಕಂದ್ರೆ ವ್ಯಾಪಾರ ಒಪ್ಪಂದದ ಪ್ರಕಾರ ಬ್ರಿಟನ್ನಿನಿಂದ ಸುಂಕವಿಲ್ಲದೆ ಹೋಗಬೇಕಾದರೆ ವಸ್ತು ಬ್ರಿಟನ್ನಿನಲ್ಲೇ ‘ಹುಟ್ಟಿರಬೇಕು’. ಬರೀ ಗೋಡೌನಿನಲ್ಲಿ ಇಟ್ಟು ಕಳಿಸಿದರೆ ಸಾಲದು. ಅದೇ ವರ್ಷ ಈ ಕಂಪನಿ ತಾಜಾ ಆಹಾರ ಸಮಯಕ್ಕೆ ತಲುಪಿಸಲಾಗದೆ ಫ್ರಾನ್ಸಿನ 11 ಅಂಗಡಿಗಳನ್ನು ಮುಚ್ಚುವುದಾಗಿ ಹೇಳಿತು.

ಗಾಳಿಗೂ ದುಡ್ಡು

ದಾರಿ ಇದ್ದರೂ ಬೆಲೆ ಕಣ್ಣು ಬಿಡಿಸುತ್ತದೆ. 415 ಗ್ರಾಮಿನ ಒಂದು ಬೀನ್ಸ್ ಡಬ್ಬದಲ್ಲಿ ಕಾಳು ಅರ್ಧದಷ್ಟು ಮಾತ್ರ, ಮಿಕ್ಕಿದ್ದು ಸಾಸ್. ಅಗ್ಗದ ಸಾಮಾನು, ಭಾರ ಜಾಸ್ತಿ. ಹೀಗಾಗಿ ಡಬ್ಬದ ಬೆಲೆಗಿಂತ ಸಾಗಣೆಯೇ ದುಬಾರಿ.

ಭಾರ ಕಡಿಮೆ ಇದ್ದರೂ ಬಚಾವಾಗಲ್ಲ. ಅಂತರರಾಷ್ಟ್ರೀಯ ಕೊರಿಯರ್‌ನವರು ಸಾಮಾನ್ಯವಾಗಿ ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನ ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಬಂದ ಸಂಖ್ಯೆ ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ಚಾರ್ಜು. 40×30×30 ಪೆಟ್ಟಿಗೆಯಲ್ಲಿ 25 ಗ್ರಾಮಿನ 24 ಚಿಪ್ಸ್ ಪ್ಯಾಕೆಟ್ ಇಟ್ಟಿರಿ ಅಂದುಕೊಳ್ಳಿ. ಚಿಪ್ಸ್ ತೂಕ 600 ಗ್ರಾಂ. ಲೆಕ್ಕದ ತೂಕ 36000 ಭಾಗಿಸು 5000, ಅಂದರೆ 7.2 ಕೆ.ಜಿ.! ಪ್ಯಾಕೆಟ್ಟಿನ ಗಾಳಿಗೆಲ್ಲ ನೀವೇ ದುಡ್ಡು ಕೊಡಬೇಕು. ಎಂಎಸ್‌ಗೆ ಹೋಗೋರು ಮನೆಗೆ ಹಪ್ಪಳ, ಸಂಡಿಗೆ ಕಳಿಸಿ ಅನ್ನೋ ಮುಂಚೆ ಈ ಸೂತ್ರ ನೆನಪಿಟ್ಟುಕೊಳ್ಳಿ.

ಟೀ ಯಾಕೆ ಕೆಡುತ್ತೆ?

ಟೀ ಪುಡಿ ಸುಲಭವಾಗಿ ಸಿಗುತ್ತದೆ, ಕೆಡೋದೂ ಇಲ್ಲ. ಅದರ ಎಲೆಯೂ ಬ್ರಿಟನ್ನಿನದ್ದಲ್ಲ, ಅಸ್ಸಾಂ, ಕೀನ್ಯಾಗಳಿಂದ ಬಂದದ್ದು. ಅವರ ಹಳೆಯ ಬ್ರ್ಯಾಂಡ್ ಟೆಟ್ಲಿಯನ್ನ 2000ದಲ್ಲಿ ನಮ್ಮ ಟಾಟಾ ಟೀ ಕೊಂಡುಕೊಂಡಿತು. ಆದರೂ ಅಮೆರಿಕಕ್ಕೆ ಹೋದ ಬ್ರಿಟಿಷರ ಮೊದಲ ದೂರು ಟೀ ಬಗ್ಗೆಯೇ.

ಒಂದು ಕಾರಣ ಕರೆಂಟು. ಬ್ರಿಟನ್ನಿನಲ್ಲಿ 230 ವೋಲ್ಟ್, 13 ಆಂಪಿಯರ್ ಪ್ಲಗ್. ಹಾಗಾಗಿ 3 ಕಿಲೋವ್ಯಾಟ್ ಕೆಟಲ್ ನಡೆಯುತ್ತೆ. ಅಮೆರಿಕದಲ್ಲಿ 120 ವೋಲ್ಟ್, ಅಲ್ಲಿನ ಕೆಟಲ್ ಸಾಮಾನ್ಯವಾಗಿ ಒಂದೂವರೆ ಕಿಲೋವ್ಯಾಟ್. ಒಂದು ಲೀಟರ್ ನೀರನ್ನ 25 ಡಿಗ್ರಿಯಿಂದ 100ಕ್ಕೆ ತರಲು ಸುಮಾರು 314 ಕಿಲೋಜೂಲ್ ಬೇಕು. ನಷ್ಟ ಬಿಟ್ಟು ಲೆಕ್ಕ ಹಾಕಿದರೆ ಬ್ರಿಟನ್ನಿನಲ್ಲಿ 105 ಸೆಕೆಂಡು, ಅಮೆರಿಕದಲ್ಲಿ ಅದರ ಎರಡರಷ್ಟು. ಅದಕ್ಕೇ ಅಲ್ಲಿ ಎಷ್ಟೋ ಮನೆಗಳಲ್ಲಿ ಕೆಟಲ್ ಇಡದೆ ನೀರನ್ನ ಮೈಕ್ರೋವೇವ್‌ನಲ್ಲಿ ಬಿಸಿ ಮಾಡ್ತಾರೆ. ಬ್ರಿಟಿಷರಿಗೆ ಇದು ಪಾಪಕೃತ್ಯ!

ಇನ್ನೊಂದು ಕಾರಣ ನೀರು. ಗಡುಸು ನೀರಿನ ಕ್ಯಾಲ್ಸಿಯಂ ಲವಣಗಳು ಟೀಯ ಪಾಲಿಫಿನಾಲ್‌ಗಳ ಜೊತೆ ಸೇರಿ ಮೇಲೆ ತೆಳುವಾದ ಪದರ ಕಟ್ಟುತ್ತವೆ, ರುಚಿ ಮಂಕಾಗುತ್ತದೆ. ನಮ್ಮ ಹಾಸ್ಟೆಲ್ಲಿನ ಬೋರ್‌ವೆಲ್ ನೀರಿನ ಟೀ ಮೇಲೆ ತೇಲೋದೂ ಇದೇ. ಯಾರ್ಕ್‌ಷೈರ್ ಟೀ ಕಂಪನಿಯವರು ಗಡುಸು ನೀರಿಗೆಂದೇ ಬೇರೆ ಪುಡಿ ಮಾರುತ್ತಾರೆ. ಅಂದರೆ ಪುಡಿಯನ್ನ ಸೂಟ್‌ಕೇಸ್‌ನಲ್ಲಿ ಒಯ್ಯಬಹುದು, ಊರಿನ ನೀರನ್ನ ಒಯ್ಯೋಕಾಗಲ್ಲ.

ಹಾಗಾದರೆ ಏನು ಮಾಡ್ತಾರೆ?

ಮೂರು ದಾರಿ. ಒಂದು, ಬ್ರಿಟಿಷ್ ಸಾಮಾನಿನ ಅಂಗಡಿ ಹುಡುಕೋದು. ನ್ಯೂಯಾರ್ಕ್‌ನಲ್ಲಿ ಮೈಯರ್ಸ್ ಆಫ್ ಕೆಸಿಕ್ ಅಂತ ಅಂಗಡಿ ಇದೆ. ನಿವೃತ್ತ ಬ್ರಿಟಿಷರು ತುಂಬಿರುವ ಸ್ಪೇನಿನ ಕರಾವಳಿಯಲ್ಲಿ ಇಂಥವು ಬೇಕಾದಷ್ಟಿವೆ. ಬೆಲೆ ಜಾಸ್ತಿ, ಆದರೆ ಹಿಂದಿನ ಲೇಬಲ್ ಓದಿ ಎಲ್ಲಿ ತಯಾರಾಗಿದ್ದು ಅಂತ ನೋಡಿಕೊಳ್ಳಬಹುದು. ಎರಡು, ಬಂದುಹೋಗುವವರ ಸೂಟ್‌ಕೇಸ್. ಟೀ, ಬಿಸ್ಕತ್ತು, ಮಾರ್ಮೈಟ್ ಸಾಮಾನ್ಯವಾಗಿ ದಾಟುತ್ತವೆ, ಚೀಸ್ ಮತ್ತು ಮಾಂಸ ಸಿಕ್ಕಿಬೀಳುತ್ತವೆ.

ಮೂರು, ಮನೆಯಲ್ಲೇ ಮಾಡಿಕೊಳ್ಳೋದು. ಗೋಲ್ಡನ್ ಸಿರಪ್ ಸಿಗದಿದ್ದರೆ ಸಕ್ಕರೆ ಪಾಕಕ್ಕೆ ನಿಂಬೆರಸ ಹಾಕಿ ನಿಧಾನವಾಗಿ ಕುದಿಸುತ್ತಾರೆ. ಆಮ್ಲ ಸುಕ್ರೋಸನ್ನ ಗ್ಲೂಕೋಸ್, ಫ್ರುಕ್ಟೋಸ್ ಆಗಿ ಒಡೆಯುತ್ತದೆ, ಪಾಕ ಹರಳುಗಟ್ಟಲ್ಲ. ಅಮ್ಮ ಜಾಮೂನಿನ ಪಾಕಕ್ಕೆ ನಿಂಬೆರಸ ಹಿಂಡೋದು ಇದಕ್ಕೇ.

ಅಕ್ಕನ ಸಹೋದ್ಯೋಗಿಗೆ ಸುಲಭವಾಗಿ ಸಿಗುವ ಊರಿನ ಸಾಮಾನು ಅಂದರೆ ಎಚ್‌ಪಿ ಸಾಸ್. ಬಾಟಲಿಯ ಮೇಲೆ ಲಂಡನ್ನಿನ ಪಾರ್ಲಿಮೆಂಟ್ ಚಿತ್ರ. ಆದರೆ ಬರ್ಮಿಂಗ್‌ಹ್ಯಾಮ್‌ನ ಕಾರ್ಖಾನೆ 2007ರಲ್ಲಿ ಮುಚ್ಚಿದ ಮೇಲೆ ಅದು ತಯಾರಾಗುತ್ತಿರೋದು ನೆದರ್ಲೆಂಡ್ಸ್‌ನ ಎಲ್ಸ್ಟ್ ಅನ್ನೋ ಊರಿನಲ್ಲಿ! ಒಂದು ದಿನ ಅಕ್ಕ ಸುಮ್ಮನೆ ಬಾಟಲಿ ತಿರುಗಿಸಿ ಓದಿದಳಂತೆ. ಒಳಗೆ ಹುಣಸೆಹಣ್ಣು, ಖರ್ಜೂರ. ನಮ್ಮ ಚಾಟ್ ಅಂಗಡಿಯ ಸಿಹಿ ಚಟ್ನಿಗೆ ಹಾಕೋ ಸಾಮಾನೇ. ಆವತ್ತಿಂದ ಅವಳ ಮನೆಯ ಮಸಾಲಪುರಿಗೆ ಆ ಸಾಸ್ ಬೀಳುತ್ತಿದೆ.

ದೊಡ್ಡಮ್ಮ ಸುಮ್ಮನೆ ಕೂರಲಿಲ್ಲ. ಮೂರನೆಯ ದಿನ ಅಲ್ಲಿನ ಸೂಪರ್‌ಮಾರ್ಕೆಟ್ಟಿನಿಂದಲೇ ಉಪ್ಪಿಲ್ಲದ ಬೆಣ್ಣೆ ತರಿಸಿ, ಒಂದು ವೀಳ್ಯದೆಲೆಯೂ ಸಿಗಲಿಲ್ಲ ಅಂತ ಗೊಣಗುತ್ತಾ ತುಪ್ಪ ಕಾಯಿಸಿದರು. “ನಮ್ಮನೆ ತುಪ್ಪದ ಘಮ ಇಲ್ಲ, ಆದರೂ ತುಪ್ಪವೇ” ಅಂತ ಫೋನಿನಲ್ಲಿ ಹೇಳಿದರು. ಕಾಯಿಸೋದನ್ನ ಅಕ್ಕ ಪಕ್ಕದಲ್ಲಿ ನಿಂತು ಕಲಿತಳು. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ.

ನಮ್ಮಲ್ಲೂ ಎಷ್ಟೋ ಜನ ಇನ್ನೆರಡು ವರ್ಷಕ್ಕೆ ಎಲ್ಲೆಲ್ಲೋ ಹೋಗ್ತೀವಿ. ಸೂಟ್‌ಕೇಸ್‌ಗೆ 23 ಕೆ.ಜಿ. ಮಿತಿ ಇರುತ್ತೆ, ಕಸ್ಟಮ್ಸ್ ಇರುತ್ತೆ. ಈ ಸಲ ರಜೆಗೆ ಹೋದಾಗ ಚಟ್ನಿಪುಡಿ ಡಬ್ಬ ತುಂಬಿಸಿಕೊಂಡು ಬರೋದರ ಜೊತೆಗೆ, ಅದನ್ನ ಹುರಿಯುವಾಗ ಅಮ್ಮನ ಪಕ್ಕ ಒಮ್ಮೆ ನಿಂತು ನೋಡಿ. ನಾನಂತೂ ನಿಲ್ಲೋದು ಅಂತ ತೀರ್ಮಾನ ಮಾಡಿದ್ದೀನಿ.