ಮಕ್ಕಳೊಡನೆ ಕಡಲ ತೀರದಲ್ಲಿ ನಾಲ್ಕು ದಿನ



ಕೃಷ್ಣೆ ತುಂಗಭದ್ರೆಗಳ ನಡುವಣ ಎಡೆದೊರೆ ನಾಡಿನಲ್ಲಿ ನೀರೆಂಬುದು ಅಳತೆಗೆ ಒಳಪಟ್ಟ ಪದಾರ್ಥ. ಸಿಂಧನೂರಿನ ಗದ್ದೆಗಳಿಗೆ ತುಂಗಭದ್ರೆಯ ಎಡದಂಡೆ ಕಾಲುವೆ. ಲಿಂಗಸುಗೂರಿನ ಕಡೆಗೆ ನಾರಾಯಣಪುರದ ಬಲದಂಡೆ ಕಾಲುವೆ. ಮಸ್ಕಿಯ ಹೊಲಗಳಿಗೆ ಬಹುಮಟ್ಟಿಗೆ ಹಳ್ಳ ಮತ್ತು ಮಳೆ. ಇಲ್ಲಿಯ ಎಲ್ಲ ನೀರಿಗೂ ಆಚೆಯದೊಂದು ದಂಡೆಯುಂಟು. ನಿಂತಲ್ಲಿಂದಲೇ ಅದು ಕಣ್ಣಿಗೆ ಕಾಣುತ್ತದೆ. ಇಂತಹ ನಾಡಿನಲ್ಲಿ ಬೆಳೆದ ಕೂಸು ಮೊತ್ತಮೊದಲು ಸಮುದ್ರವನ್ನು ಕಂಡಾಗ ಏನು ಕೇಳುತ್ತದೆ? “ಯಪ್ಪಾ, ಇದರ ಆಚಿ ದಂಡಿ ಎಲ್ಲೈತಿ?” ಎಂದು ಕೇಳುತ್ತದೆ. ಕಡಲ ಪ್ರವಾಸದ ಆನಂದವೂ ಅದರ ಅಪಾಯವೂ ಈ ಒಂದು ಪ್ರಶ್ನೆಯಲ್ಲಿಯೇ ಅಡಗಿವೆ. ಆ ಆನಂದವು ಮಕ್ಕಳಿಗೆ ಪೂರ್ಣವಾಗಿ ದೊರೆತು, ಅಪಾಯವು ದೂರದಲ್ಲಿಯೇ ಉಳಿಯಬೇಕಾದರೆ ಪ್ರವಾಸವನ್ನು ಹೇಗೆ ಏರ್ಪಡಿಸಿಕೊಳ್ಳಬೇಕೆಂಬುದನ್ನು ಈ ಹೊತ್ತು ವಿಚಾರಮಾಡೋಣ.

ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದು ಹೀಗೆ. ಪರೀಕ್ಷೆ ಮುಗಿಯುತ್ತದೆ, ಬಂಧುಗಳೆಲ್ಲ ಸೇರಿ ಒಂದು ವಾಹನವನ್ನು ಗೊತ್ತುಮಾಡುತ್ತಾರೆ. ಮೂರು ದಿನಗಳಲ್ಲಿ ಗೋಕರ್ಣ, ಇಡಗುಂಜಿ, ಮುರುಡೇಶ್ವರ, ಜೋಗ, ಉಡುಪಿ, ಧರ್ಮಸ್ಥಳ ಎಲ್ಲವನ್ನೂ ಮುಗಿಸಬೇಕೆಂದು ನಿಶ್ಚಯವಾಗುತ್ತದೆ. ಮಕ್ಕಳು ಹಗಲೆಲ್ಲ ವಾಹನದಲ್ಲಿ, ಇರುಳಲ್ಲಿ ಅಪರಿಚಿತವಾದ ಹಾಸಿಗೆಯಲ್ಲಿ. ಕಡಲ ಬಳಿ ನಿಲ್ಲಲು ದೊರೆಯುವುದು ಅರ್ಧ ಗಂಟೆ, ಅದೂ ನೆತ್ತಿಯ ಮೇಲೆ ಸೂರ್ಯನಿರುವಾಗ. ನಾನೂ ಒಮ್ಮೆ ಹೀಗೆಯೇ ಮಾಡಿದವನು. ಮನೆಗೆ ಮರಳಿದ ಮೇಲೆ ಏನೇನು ನೋಡಿದೆಯೆಂದು ಮಗುವನ್ನು ಕೇಳಿದರೆ, ತಾನು ಮರಳಿನಲ್ಲಿ ತೋಡಿದ ಒಂದು ಕುಣಿಯನ್ನೂ, ಅದಕ್ಕೆ ನೀರು ತುಂಬುವ ಮೊದಲೇ ನಾವು ಕೈಹಿಡಿದು ಎಳೆದುಕೊಂಡು ಬಂದುದನ್ನೂ ಮಾತ್ರ ಅದು ಹೇಳಿತು. ಆ ಕುಣಿಗೆ ನೀರು ತುಂಬುವವರೆಗೆ ಕಾಯುವಷ್ಟು ಬಿಡುವು ಯಾವ ಪ್ರವಾಸದಲ್ಲಿಲ್ಲವೋ ಅದು ಮಕ್ಕಳ ಪಾಲಿಗೆ ಪ್ರವಾಸವಲ್ಲ ಎಂಬುದನ್ನು ನಾನು ಅಂದು ಕಲಿತೆನು. ಆದುದರಿಂದ ಮೊದಲನೆಯ ನಿಯಮವಿದು: ಒಂದೇ ಊರು, ಮೂರು ನಾಲ್ಕು ರಾತ್ರಿ, ದಿನಕ್ಕೆ ಒಂದೇ ಕಾರ್ಯ.

ಇನ್ನು ಕಾಲದ ವಿಚಾರ. ಶಾಲೆಗಳಿಗೆ ದೀರ್ಘವಾದ ಬಿಡುವು ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ. ಆಗ ನಮ್ಮ ಸೀಮೆಯಲ್ಲಿ ಬಿಸಿಲು 40 ಡಿಗ್ರಿಯನ್ನು ದಾಟುತ್ತದೆ. ಬೇಸಗೆಯ ಭತ್ತದ ಕೊಯ್ಲು ಮುಗಿಸಿ ಹೊರಡೋಣವೆಂದರೆ ಮೇ ತಿಂಗಳು ಅರ್ಧ ಕಳೆದಿರುತ್ತದೆ. ಆದರೆ ಮೇ ಕೊನೆಗೆ ಸಮುದ್ರವು ಕೆರಳತೊಡಗುತ್ತದೆ. ಜೂನ್ ಮೊದಲ ವಾರದಲ್ಲಿ ಕರಾವಳಿಗೆ ಮುಂಗಾರು ಬರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವುಂಟು. ಬೆಸ್ತನು ದೋಣಿಯನ್ನು ದಡಕ್ಕೆ ಎಳೆದಿಟ್ಟ ಕಾಲದಲ್ಲಿ ನಾವು ಕೂಸುಗಳನ್ನು ನೀರಿಗೆ ಇಳಿಸುವುದು ವಿವೇಕವಲ್ಲ. ಮಳೆಗಾಲದಲ್ಲಿ ಘಟ್ಟದ ದಾರಿಯೂ ನೆಚ್ಚತಕ್ಕುದಲ್ಲ. 2024ರ ಜುಲೈ 16ರಂದು ಅಂಕೋಲೆಯ ಬಳಿಯ ಶಿರೂರಿನಲ್ಲಿ ಗುಡ್ಡವು ಹೆದ್ದಾರಿಯ ಮೇಲೆ ಕುಸಿದು ಜನರು ಸತ್ತುದು ನಿಮಗೆ ನೆನಪಿರಬಹುದು. ಬೇಸಗೆಯಲ್ಲಿಯೇ ಹೋಗಬೇಕಾದರೆ ಪರೀಕ್ಷೆ ಮುಗಿದೊಡನೆ, ಏಪ್ರಿಲ್ ನಡುವಿನಲ್ಲಿ ಹೊರಡುವುದು ಮೇಲು. ಮುಂಗಾರಿನ ಭತ್ತದ ಸುಗ್ಗಿ ಮುಗಿದ ಮೇಲೆ, ಡಿಸೆಂಬರ್ ಜನವರಿಗಳಲ್ಲಿ ನಾಲ್ಕು ದಿನ ರಜೆ ಕೂಡಿಬಂದರೆ ಅದಕ್ಕಿಂತಲೂ ಉತ್ತಮ.

ದಾರಿಯು ಈಗ ಹಿಂದಿನಷ್ಟು ಕಷ್ಟಕರವಲ್ಲ. ಸಿಂಧನೂರಿಗೆ 2024ರಲ್ಲಿ ರೈಲು ಬಂದಿತು. ಕುಷ್ಟಗಿಗೆ 2025ರಲ್ಲಿ ಬಂದಿತು. ಸಿಂಧನೂರು ಮತ್ತು ಮಸ್ಕಿಯವರು ಸಿಂಧನೂರಿನಿಂದಲೂ, ಲಿಂಗಸುಗೂರಿನವರು ಮುದಗಲ್ಲಿನ ಮೇಲೆ ಕುಷ್ಟಗಿಗೆ ಬಂದು ಅಲ್ಲಿಂದಲೂ ಹುಬ್ಬಳ್ಳಿಯನ್ನು ಸೇರಬಹುದು. ಚಿಕ್ಕ ಮಕ್ಕಳಿಗೆ ಬಸ್ಸಿಗಿಂತ ರೈಲು ಹಿತಕರ. ಎದ್ದು ಓಡಾಡಬಹುದು, ಶೌಚಕ್ಕೂ ಅನುಕೂಲ. ಹುಬ್ಬಳ್ಳಿಯಿಂದ ಅಂಕೋಲೆಗೆ ರೈಲುಮಾರ್ಗವು ಬಹುಕಾಲದಿಂದ ಮಾತಿನಲ್ಲಿದ್ದರೂ ಇನ್ನೂ ಆಗಿಲ್ಲ. ಆದುದರಿಂದ ಅಲ್ಲಿಂದ ಮುಂದೆ ಯಲ್ಲಾಪುರದ ಮೇಲೆ ರಸ್ತೆಯಲ್ಲಿಯೇ ಸಾಗಬೇಕು. ಯಲ್ಲಾಪುರ ದಾಟಿದ ಮೇಲೆ ಅರಬೈಲ್ ಘಟ್ಟದ ತಿರುವುಗಳು. ಬಯಲು ಸೀಮೆಯ ನೇರವಾದ ರಸ್ತೆಗೆ ಒಗ್ಗಿದ ಮಕ್ಕಳಿಗೆ ಇಲ್ಲಿ ಹೊಟ್ಟೆ ತೊಳಸುವುದು ಸಹಜ. ಘಟ್ಟ ಇಳಿಯುವ ಮುನ್ನ ಎಣ್ಣೆಯ ತಿಂಡಿಯನ್ನು ಕೊಡಬೇಡಿರಿ. ಕಟಕ ರೊಟ್ಟಿಯ ಚೂರು ಸಾಕು. ಮುಂದಿನ ಆಸನದಲ್ಲಿ ಕುಳ್ಳಿರಿಸಿ, ಕಿಟಕಿಯನ್ನು ತೆರೆದು, ದೂರದ ಮರಗಳನ್ನು ನೋಡಲು ಹೇಳಿರಿ. ಸಾಧ್ಯವಿದ್ದರೆ ಹುಬ್ಬಳ್ಳಿಯಲ್ಲಿ ಒಂದು ರಾತ್ರಿ ತಂಗಿ ಬೆಳಗ್ಗೆ ಘಟ್ಟ ಇಳಿಯಿರಿ. ದಣಿದ ಮಗುವಿಗೆ ಕಡಲೂ ಬೇಡ, ತಾಯಿಯೂ ಬೇಡ.

ಯಾವ ಊರಿನಲ್ಲಿ ತಂಗಬೇಕು? ಮೂರು ಸ್ಥಳಗಳನ್ನು ಹೇಳುತ್ತೇನೆ. ಮೂರನ್ನೂ ನೋಡಿರೆಂದಲ್ಲ, ಒಂದನ್ನು ಆರಿಸಿಕೊಳ್ಳಿರೆಂದು. ಹಿರಿಯರು ಜೊತೆಯಲ್ಲಿದ್ದರೆ ಗೋಕರ್ಣ. ಮಹಾಬಲೇಶ್ವರನ ದರ್ಶನವನ್ನು ಮುಂಜಾನೆಯೇ ಮುಗಿಸಿ ಉಳಿದ ದಿನವನ್ನು ಮಕ್ಕಳಿಗೆ ಬಿಡಬಹುದು. ಆತ್ಮಲಿಂಗವನ್ನು ಗಣಪತಿಯು ನೆಲಕ್ಕಿಟ್ಟ ಕಥೆಯನ್ನು ಅಜ್ಜಿಯು ಅಲ್ಲಿಯ ಮರಳಿನ ಮೇಲೆಯೇ ಹೇಳಿದರೆ ಅದರ ರುಚಿಯೇ ಬೇರೆ. ಆದರೆ ಓಂ ತೀರದ ಬಂಡೆಗಳು ಪಾಚಿಯಿಂದ ಜಾರುತ್ತವೆ. ಅವುಗಳ ಮೇಲೆ ಮಕ್ಕಳನ್ನು ಹತ್ತಿಸಬಾರದು. ಎರಡನೆಯದು ಕಾರವಾರ. ಭೂಶಿರ ಮತ್ತು ದ್ವೀಪಗಳ ಮರೆಯಲ್ಲಿರುವ ಕೊಲ್ಲಿಯಾದುದರಿಂದ ಅಲ್ಲಿ ಅಲೆಗಳ ರಭಸವು ಕೆಲಮಟ್ಟಿಗೆ ಕಡಿಮೆ. ತರುಣ ರವೀಂದ್ರನಾಥ ಠಾಕೂರರು ನ್ಯಾಯಾಧೀಶರಾಗಿದ್ದ ತಮ್ಮ ಅಣ್ಣನ ಮನೆಯಲ್ಲಿ ತಂಗಿದ್ದುದು ಈ ತೀರದಲ್ಲಿಯೇ; ಕಡಲ ದಂಡೆಗೆ ಇಂದು ಅವರ ಹೆಸರಿದೆ. ದಡದ ಮೇಲೆ ನಿಲ್ಲಿಸಿರುವ ಚಪಲ್ ಎಂಬ ಯುದ್ಧನೌಕೆಯು ಹುಡುಗರಿಗೆ ಒಂದು ಹೊತ್ತಿನ ವಿನೋದ. ಮೂರನೆಯದು ಹೊನ್ನಾವರದ ಕಾಸರಕೋಡು. ಸ್ವಚ್ಛತೆ ಮತ್ತು ಸುರಕ್ಷತೆಗಳಿಗಾಗಿ ಕೊಡುವ ಅಂತರರಾಷ್ಟ್ರೀಯ ‘ನೀಲಿ ಬಾವುಟ’ವು 2020ರಲ್ಲಿ ಈ ತೀರಕ್ಕೆ ದೊರೆಯಿತು. ಶರಾವತಿಯು ಕಡಲನ್ನು ಸೇರುವ ಆ ಎಡೆಯಲ್ಲಿ ಕಾಂಡ್ಲಾ ಗಿಡಗಳ ನಡುವೆ ಕಟ್ಟಿರುವ ಮರದ ಹಾದಿಯ ಮೇಲೆ ಮಕ್ಕಳೊಡನೆ ನಡೆಯಬಹುದು.

ಇನ್ನು ಮುಖ್ಯವಾದ ಮಾತು. ನಮ್ಮ ಹುಡುಗರಲ್ಲಿ ಅನೇಕರು ಈಜಬಲ್ಲರು. ಕಾಲುವೆಯಲ್ಲಿ, ಬಾವಿಯಲ್ಲಿ ಕಲಿತವರು. ಆದುದರಿಂದಲೇ ಅವರಿಗೆ ಕಡಲ ಭಯ ಕಡಿಮೆ. ಆದುದರಿಂದಲೇ ಅಪಾಯ ಹೆಚ್ಚು. ಕಾಲುವೆಯ ಸೆಳವು ಒಂದೇ ದಿಕ್ಕಿಗೆ ಹರಿಯುತ್ತದೆ. ಪಕ್ಕಕ್ಕೆ ನಾಲ್ಕು ಮಾರು ಈಜಿದರೆ ದಂಡೆ. ಸಮುದ್ರದ ರೀತಿ ಬೇರೆ. ಅಲೆಗಳು ಒಂದರ ಹಿಂದೊಂದು ನೀರನ್ನು ದಡಕ್ಕೆ ತಳ್ಳುತ್ತವೆ. ಹಾಗೆ ಬಂದ ನೀರು ಎಲ್ಲಿಯಾದರೂ ಹಿಂದಿರುಗಲೇಬೇಕಷ್ಟೆ. ಮರಳ ತಳದಲ್ಲಿ ತಗ್ಗಾದ ಇಕ್ಕಟ್ಟಿನ ದಾರಿಯನ್ನು ಹುಡುಕಿಕೊಂಡು ಅದು ಒಮ್ಮೆಗೇ ಕಡಲ ಕಡೆಗೆ ನುಗ್ಗುತ್ತದೆ. ಆ ಜಾಗದಲ್ಲಿ ಅಲೆಗಳು ಒಡೆಯುವುದು ಕಡಿಮೆಯಾದುದರಿಂದ, ಅರಿಯದವರ ಕಣ್ಣಿಗೆ ಅದೇ ಎಲ್ಲಕ್ಕಿಂತ ಶಾಂತವಾದ ಸ್ಥಳವಾಗಿ ತೋರುತ್ತದೆ. ಅಲ್ಲಿಗಿಳಿದವನನ್ನು ನೀರು ತಳಕ್ಕೆ ಎಳೆಯುವುದಿಲ್ಲ, ಆಳಕ್ಕೆ ಒಯ್ಯುತ್ತದೆ. ಅವನು ದಡದತ್ತ ನೇರವಾಗಿ ಈಜಲು ಹೆಣಗಿ, ಸೋತು ಮುಳುಗುತ್ತಾನೆ. ಬಲ್ಲ ಈಜುಗಾರನೂ ಆ ಸೆಳವಿಗೆ ಎದುರಾಗಿ ಗೆಲ್ಲಲಾರನು. ಸಿಕ್ಕಿಕೊಂಡವನು ಗಾಬರಿಯಾಗದೆ ತೇಲುತ್ತ, ಕೈಯೆತ್ತಿ ಕೂಗಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಬೇಕು. ಸೆಳವು ಅಗಲವಾಗಿರುವುದಿಲ್ಲ, ಅದರಿಂದ ಹೊರಬಿದ್ದ ಮೇಲೆ ಅಲೆಗಳೇ ದಡಕ್ಕೆ ತರುತ್ತವೆ. ದಡದಲ್ಲಿರುವವರು ಹಿಂದುಮುಂದು ನೋಡದೆ ನೀರಿಗೆ ಹಾರಬಾರದು. ಜೀವರಕ್ಷಕನನ್ನು ಕರೆಯಬೇಕು, 112ಕ್ಕೆ ದೂರವಾಣಿ ಮಾಡಬೇಕು, ಹಗ್ಗವನ್ನೋ ಖಾಲಿ ಕ್ಯಾನನ್ನೋ ಎಸೆಯಬೇಕು.

ಇದನ್ನು ಇಷ್ಟು ವಿಸ್ತಾರವಾಗಿ ಹೇಳಲು ಕಾರಣವುಂಟು. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲ ಕಡೆಯಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ಶಾಲಾಬಾಲಕಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡರು. ಕೋಲಾರವೂ ನಮ್ಮಂತೆಯೇ ಕಡಲಿಲ್ಲದ, ಬರದ ನಾಡು. ಆ ಮಕ್ಕಳ ಸ್ಥಾನದಲ್ಲಿ ನಮ್ಮ ಮಕ್ಕಳನ್ನು ಭಾವಿಸಿಕೊಂಡರೆ ಉಳಿದ ನಿಯಮಗಳು ಭಾರವೆನಿಸಲಾರವು.

ನಿಯಮಗಳು ಇವು. ಕೆಂಪು ಬಾವುಟ ಹಾರುತ್ತಿದ್ದರೆ ಯಾರೂ ನೀರಿಗೆ ಇಳಿಯಬಾರದು. ಚಿಕ್ಕ ಮಕ್ಕಳು ತಮ್ಮ ಮೊಣಕಾಲಿಗಿಂತ ಮೇಲಿನ ನೀರಿಗೆ ಹೋಗತಕ್ಕದ್ದಲ್ಲ. ಒಬ್ಬ ಹಿರಿಯನಿಗೆ ಇಬ್ಬರಿಗಿಂತ ಹೆಚ್ಚು ಮಕ್ಕಳನ್ನು ಒಪ್ಪಿಸಬಾರದು. ಕಾಯುವ ಸರದಿಯಲ್ಲಿರುವವನ ಕೈಯಲ್ಲಿ ಮೊಬೈಲು ಇರಬಾರದು. ಎಲ್ಲರೂ ನೋಡುತ್ತಿದ್ದಾರೆಂದು ಯಾರೂ ನೋಡದೆ ಇರುವುದೇ ದೊಡ್ಡ ಬಳಗದ ದೋಷ. ಮಗುವನ್ನು ಬೆರಳಿನಿಂದಲ್ಲ, ಮಣಿಕಟ್ಟಿನಿಂದ ಹಿಡಿಯಬೇಕು. ಅಲೆಗೆ ಬೆನ್ನು ತಿರುಗಿಸಿ ನಿಲ್ಲಬಾರದು. ನೆನೆದ ಸೀರೆ ಧೋತರಗಳು ಕಾಲಿಗೆ ಸುತ್ತಿಕೊಳ್ಳುತ್ತವೆ. ಅವುಗಳನ್ನುಟ್ಟು ಕೂಸನ್ನು ಎತ್ತಿಕೊಂಡು ನೀರಿಗೆ ಇಳಿಯಬೇಡಿರಿ. ಮಕ್ಕಳಿಗೆ ನೀಲಿ ಬಿಳಿ ಬಟ್ಟೆಗಳ ಬದಲು ದೂರದಿಂದ ಕಾಣುವ ಕೆಂಪು ಅಥವಾ ಕಿತ್ತಳೆ ಬಣ್ಣದ ಅಂಗಿ ತೊಡಿಸಿರಿ.

ಕಡಲಿನ ಗಡಿಯಾರವನ್ನೂ ತಿಳಿದಿರಬೇಕು. ಭರತವು ದಿನಕ್ಕೆ ಎರಡು ಸಲ, ಸುಮಾರು ಹನ್ನೆರಡೂವರೆ ಗಂಟೆಗಳ ಅಂತರದಲ್ಲಿ ಬರುತ್ತದೆ. ಪ್ರತಿದಿನವೂ ಸುಮಾರು 50 ನಿಮಿಷ ತಡವಾಗುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳ ಸಮಯದಲ್ಲಿ ಅದರ ಏರಿಳಿತವು ಹೆಚ್ಚು. ಗೋಡೆಯ ಮೇಲಿನ ಕ್ಯಾಲೆಂಡರು ಎಲ್ಲರ ಮನೆಯಲ್ಲಿಯೂ ಉಂಟಷ್ಟೆ. ಹೊರಡುವ ದಿನವನ್ನು ಗೊತ್ತುಮಾಡುವಾಗ ಅದನ್ನು ಈ ದೃಷ್ಟಿಯಿಂದಲೂ ಒಮ್ಮೆ ನೋಡಿರಿ. ಇಳಿತದ ಸಮಯದಲ್ಲಿ ನಡೆದುಹೋದ ಬಂಡೆಯ ಸುತ್ತ ಭರತದಲ್ಲಿ ನೀರು ತುಂಬಿ ದಾರಿ ಮುಚ್ಚುವುದುಂಟು. ಊರಿನ ಬೆಸ್ತರನ್ನು ಎರಡು ಮಾತು ಕೇಳಿದರೆ ಅಂದಿನ ವೇಳೆಯನ್ನು ಹೇಳುತ್ತಾರೆ.

ದಿನಚರಿಯು ಸರಳವಾಗಿರಲಿ. ತಲಪಿದ ಸಂಜೆ ಬರಿಯ ಕಾಲು ನೆನೆಸಿಕೊಂಡು ಬನ್ನಿರಿ. ಮರುದಿನ ಬೆಳಗ್ಗೆ ಆರೂವರೆಯಿಂದ ಒಂಬತ್ತೂವರೆಯವರೆಗೆ ಮರಳಿನಲ್ಲಿ. ಬಿಸಿಲೇರಿದ ಮೇಲೆ ಸ್ನಾನ, ಊಟ, ನಿದ್ರೆ. ನಾಲ್ಕೂವರೆಯ ಮೇಲೆ ಸೂರ್ಯಾಸ್ತದವರೆಗೆ ಮತ್ತೆ ತೀರದಲ್ಲಿ. ಮೂರನೆಯ ದಿನ ದೇವಾಲಯವನ್ನೋ ನೌಕೆಯನ್ನೋ ನೋಡಿರಿ. ನಾಲ್ಕನೆಯ ದಿನ ಮಕ್ಕಳು ಏನು ಕೇಳುತ್ತಾರೋ ಅದು. ಅವರು ಬಹುಶಃ ಅದೇ ಮರಳನ್ನೇ ಕೇಳುತ್ತಾರೆ. ಆಟಿಕೆಗಳನ್ನು ಕೊಳ್ಳಬೇಕಾಗಿಲ್ಲ, ಮನೆಯ ಒಂದು ಲೋಟ, ಒಂದು ಹಳೆಯ ಚಮಚ ಸಾಕು.

ಆರೋಗ್ಯದ ವಿಷಯದಲ್ಲಿ ಒಂದೆರಡು ಮಾತು. ನಮ್ಮ ಬಿಸಿಲು ಒಣ ಬಿಸಿಲು. ಕರಾವಳಿಯದು ತೇವದ ಸೆಕೆ. ಅಲ್ಲಿ ಉಷ್ಣತೆ ಕಡಿಮೆಯಿದ್ದರೂ ಬೆವರು ಆರುವುದಿಲ್ಲ, ಮಗು ಬೇಗ ಬಳಲುತ್ತದೆ. ಬಾಯಾರಿಕೆಯೆಂದು ಕೇಳುವ ಮೊದಲೇ ಕಾಸಿದ ನೀರು, ಮಜ್ಜಿಗೆ, ಎಳನೀರುಗಳನ್ನು ಕೊಡುತ್ತಿರಿ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಆಟದಲ್ಲಿ ಅದನ್ನು ನುಂಗದಂತೆ ನೋಡಿಕೊಳ್ಳಿರಿ, ಆಡಿ ಬಂದೊಡನೆ ಸಿಹಿನೀರಿನಿಂದ ಮೈ ತೊಳೆಯಿರಿ. ದಡಕ್ಕೆ ಬಂದು ಬಿದ್ದ ಲೋಳೆಮೀನನ್ನು ಮುಟ್ಟಬಾರದೆಂದು ಮೊದಲೇ ಹೇಳಿರಿ. ತಗುಲಿ ಉರಿದರೆ ಉಜ್ಜದೆ, ಕಡಲ ನೀರಿನಿಂದಲೇ ತೊಳೆದು ವೈದ್ಯರಲ್ಲಿಗೆ ಕರೆದೊಯ್ಯಿರಿ. ಕುಸುಬಲಕ್ಕಿಯ ಗಂಜಿಯು ಮಕ್ಕಳ ಹೊಟ್ಟೆಗೆ ಹಗುರ. ಆದರೂ ಒಂದು ಗಂಟು ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ ಜೊತೆಗಿದ್ದರೆ ಹೊಸ ಅಡುಗೆಗೆ ಮುಖ ತಿರುಗಿಸುವ ಮಗುವಿನೊಡನೆ ಜಗಳವಿಲ್ಲ. ಹಾಗೆಂದು ಒಲೆ ಪಾತ್ರೆಗಳನ್ನು ಹೊತ್ತುಕೊಂಡು ಹೋಗಬೇಡಿರಿ. ತಾಯಿಯು ಅಲ್ಲಿಯೂ ಒಲೆಯ ಮುಂದೆ ಕುಳಿತರೆ ಬಿಡುವು ಯಾರಿಗೆ?

ಮರಳುವಾಗ ಮಕ್ಕಳ ಜೇಬಿನಲ್ಲಿ ನಾಲ್ಕು ಕಪ್ಪೆಚಿಪ್ಪು ಇದ್ದೇ ಇರುತ್ತವೆ. ಜೀವವಿಲ್ಲದ ಚಿಪ್ಪುಗಳಾದರೆ ತರಲಿ, ಗದರಿಸಬೇಡಿರಿ. ಅಶೋಕನ ಹೆಸರನ್ನೇ ಹೊತ್ತ ಶಾಸನವು 1915ರಲ್ಲಿ ಬೆಳಕಿಗೆ ಬಂದುದರಿಂದ ಮಸ್ಕಿಯು ಲೋಕಪ್ರಸಿದ್ಧವಾಯಿತು. ಅದೇ ಮಸ್ಕಿಯ ನೆಲವನ್ನು 1954ರಲ್ಲಿ ಅಗೆದಾಗ ಪ್ರಾಚೀನರ ಮಣಿಗಳು ದೊರೆತವು. ಅವುಗಳಲ್ಲಿ ಚಿಪ್ಪಿನವೂ ಹವಳದವೂ ಇದ್ದವು. ಹವಳವು ನಮ್ಮ ಹಳ್ಳದಲ್ಲಿ ಹುಟ್ಟುವುದಲ್ಲ. ಸಾವಿರಾರು ವರ್ಷಗಳ ಹಿಂದೆಯೇ ಕಡಲ ಒಡವೆಯು ಕೈಯಿಂದ ಕೈಗೆ ದಾಟಿ ಈ ಒಣ ನಾಡಿನ ಕೊರಳನ್ನು ಸೇರಿತ್ತೆಂದಾಯಿತು. ಈ ಸಂಗತಿಯನ್ನು ಮಕ್ಕಳಿಗೆ ಹೇಳಿರಿ. ಮತ್ತು ಆ ಚಿಪ್ಪುಗಳನ್ನು ತಂದ ಮಕ್ಕಳೆಲ್ಲರೂ ಸುಖವಾಗಿ ಮನೆಗೆ ಮುಟ್ಟುವಂತೆ ನೋಡಿಕೊಳ್ಳಿರಿ. ಅಷ್ಟಾದರೆ ಪ್ರವಾಸವು ಸಾರ್ಥಕವಾಯಿತು.